ಆಡಕಿಗೆ ದಾರಿ ಬಿಡದ ಅಕ್ಕ

ಆಟಕ್ಕೆ ಕೂಡುವ ಮೊದಲು ಮಹಾದೇವಿ ಅಕ್ಕ ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈ ತನಕ ಏರಿಸಿ, ಕೆಳಗೆ ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದಳು. ರೊಟ್ಟಿ ಬಡಿಯುವಾಗ ಹೆಂಗಸರು ಬಳೆ ಮೇಲೇರಿಸುವುದುಂಟು. ಅಕ್ಕ ಬಡಿಯಲು ಕೂಡುತ್ತಿದ್ದದ್ದು ತನ್ನ ಒಡಹುಟ್ಟಿದ ತಮ್ಮನನ್ನು, ಅದೂ ಕಂಪ್ಯೂಟರಿನೊಳಗೆ, ನಕ್ಷತ್ರಗಳ ನಡುವೆ.

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಅವಳದೊಂದು ಝೆರಾಕ್ಸ್ ಅಂಗಡಿ. ಪಕ್ಕದ ಔಷಧಿ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳ ಮಗ್ಗುಲಿಗೆ ಸ್ಟೂಲು ಎಳೆದುಕೊಂಡು ಕೂಡುತ್ತಿದ್ದೆ. ಪರದೆಯ ಮೇಲೆ ಕಪ್ಪು ಆಕಾಶ, ಅದರ ತುಂಬ ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಹಡಗು ಓಡುವ ಗೆರೆಗಳು. ಒಬ್ಬೊಬ್ಬರಿಗೂ ಒಂದೊಂದು ಸಾಮ್ರಾಜ್ಯ. ಆಡುವವರೆಲ್ಲ ದಿನಕ್ಕೊಮ್ಮೆ ತಮ್ಮ ಹುಕುಂ ಕೊಟ್ಟಿಟ್ಟರೆ ಮರುದಿನ ಬೆಳಿಗ್ಗೆ ಹಡಗುಗಳು ಹೊರಟಿರುತ್ತಿದ್ದವು. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಯ ಕೆಲವರು ಕೂಡಿ ವರ್ಷಗಟ್ಟಲೆ ಎಳೆದುಕೊಂಡು ಬಂದ ಆಟ ಅದು. ಅಕ್ಕನ ತಮ್ಮ ರಾಜಶೇಖರ ಸೇಡಂನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಅವನು ಇದನ್ನು ಆಡುತ್ತಾನೆಂದು ಗೊತ್ತಾದ ಮೇಲೆಯೇ ಅಕ್ಕ ಕಲಿತದ್ದು. "ಮಂದಿ ಟೈಂಪಾಸಿಗಿ ಆಡ್ತಾರ. ನಾ ಒಬ್ಬನ ಸಲವಾಗಿ ಕುಂತೀನಿ," ಎಂದು ನನಗೆ ಮೊದಲ ದಿನವೇ ಹೇಳಿದ್ದಳು.

ಸೇಡಿನ ಕಾರಣವೇನೂ ಸಣ್ಣದಲ್ಲ. ತವರೂರು ಆಡಕಿಯಲ್ಲಿ ಅವಳ ಅಪ್ಪ ತೀರಿಕೊಂಡಾಗ ಅಕ್ಕ ಸುದ್ದಿ ಕೇಳಿದ್ದೇ ವಾಡಿಯಲ್ಲಿ ರೈಲು ಹತ್ತಿದಳು. ಹೊರಟಿದ್ದೇನೆ, ನಾನು ಬರುವ ತನಕ ಮಣ್ಣು ನಿಲ್ಲಿಸಿಕೊಂಡಿರು ಎಂದು ತಮ್ಮನಿಗೆ ಫೋನೂ ಮಾಡಿದಳು. ರೈಲು ಸೇಡಂ ಇನ್ನೇನು ಬಂತು ಎನ್ನುವಾಗ ಬಯಲಿನಲ್ಲಿ ನಿಂತುಬಿಟ್ಟಿತು. ಯಾರನ್ನು ಕೇಳಿದರೂ ಒಂದೇ ಉತ್ತರ, ಸಿಗ್ನಲ್ ಬಿದ್ದಿಲ್ಲ. ಅವಳು ಆಡಕಿ ಮುಟ್ಟಿದಾಗ ಕುಣಿ ಮುಚ್ಚಿ, ಮಂದಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಹೆತ್ತವರಿಗೆ ಹಿಡಿ ಮಣ್ಣು ಹಾಕದಿದ್ದರೆ ಋಣ ತೀರುವುದಿಲ್ಲ ಎಂದು ನಂಬಿದವರು ನಾವು. ಹೊತ್ತು ಮುಳುಗುತ್ತಿತ್ತು, ಎಷ್ಟೊತ್ತು ಕಾಯುವುದು ಎಂದನಂತೆ ತಮ್ಮ. ಅಂಗಳದಲ್ಲೇ ಜಗಳ ಬಿತ್ತು. ಅಕ್ಕ ಬಾಯಿಗೆ ಬಂದದ್ದೆಲ್ಲ ಬೈದಳು. ಅವನು ಊರ ಮಂದಿಯ ಎದುರು, "ನೀ ಸತ್ರ ನಿನ್ನ ಮಣ್ಣಿಗೂ ಬರಲ್ಲ ನಾ," ಎಂದುಬಿಟ್ಟ. ಅಂದಿಗೆ ಅವಳ ತವರು ಮುಗಿಯಿತು.

ಆಟದಲ್ಲಿ ಗ್ರಹ ಹಿಡಿದವರೇ ಅದಕ್ಕೆ ಹೆಸರಿಡಬಹುದಿತ್ತು. ಉಳಿದವರೆಲ್ಲ ದೇವರ ಹೆಸರು, ಸಿನಿಮಾ ನಟರ ಹೆಸರು ಇಡುತ್ತಿದ್ದರೆ ಅಕ್ಕ ನಮ್ಮ ಊರುಗಳನ್ನೇ ಆಕಾಶಕ್ಕೆ ಏರಿಸಿದ್ದಳು. ನಾಲವಾರದಲ್ಲಿ ಕಬ್ಬಿಣ ಸಿಗುತ್ತಿತ್ತು, ಐನಾಪುರದಲ್ಲಿ ಇಂಧನ. ಎಲ್ಲಕ್ಕಿಂತ ಹೆಚ್ಚು ಕಾಳು ಬೆಳೆಯುವ, ಹಸಿರಾಗಿ ಮಿನುಗುವ ಗ್ರಹಕ್ಕೆ ಆಡಕಿ ಎಂದಿಟ್ಟಿದ್ದಳು. ಕೆಲಸಕ್ಕೆ ಕೂಡುವ ಮೊದಲು ಒಮ್ಮೆ ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದಳು.

ನನಗೂ ಒಂದು ಮೂಲೆಯ ಸಾಮ್ರಾಜ್ಯ ಕೊಡಿಸಿ ಆಟ ಕಲಿಸಿದಳು. ಹೊಸಬರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಯುದ್ಧದ ಹಡಗುಗಳು ಚೆಂದ ಕಾಣುತ್ತವೆಂದು ಸಾಲಾಗಿ ಕಟ್ಟಿ ನಿಲ್ಲಿಸಿದೆ. ಅವಕ್ಕೆ ಹಾಕುವ ಕಾಳಿಲ್ಲದೆ ನನ್ನ ಪ್ರಜೆಗಳೇ ದಂಗೆ ಎದ್ದರು. ಅಕ್ಕ ಹೊಟ್ಟೆ ಹಿಡಿದು ನಕ್ಕಳು. "ಡಬರಿ ಖಾಲಿ ಇಟ್ಟು ಬೀಗರನ್ನ ಕರದಂಗಾತು. ಮೊದಲ ಹೊಟ್ಟಿ ನೋಡವಾ, ಆಮ್ಯಾಲ ಹೊಡೆದಾಟ," ಎಂದಳು. ಆಯುಧವಿಲ್ಲದ ಸಣ್ಣ ಹಡಗುಗಳನ್ನು ಮೊದಲು ನಾಲ್ಕೂ ದಿಕ್ಕಿಗೆ ಓಡಿಸಿ, ಸುತ್ತ ಯಾರಿದ್ದಾರೆ, ಏನು ಬೆಳೆಯುತ್ತಾರೆ ಎಂದು ತಿಳಿದುಕೊಳ್ಳಬೇಕು. ಎಲ್ಲೆಲ್ಲೋ ಕಾಲು ಚಾಚದೆ ಹತ್ತಿರದ ಗ್ರಹಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಎರಡು ಗಡಿಯಲ್ಲಿ ಒಟ್ಟಿಗೆ ಜಗಳ ತೆಗೆಯಬಾರದು. ಒಬ್ಬನನ್ನು ಹೊಡೆಯಬೇಕಾದರೆ ಉಳಿದವರಿಗೆಲ್ಲ ನಗುನಗುತ್ತ ಇರಬೇಕು. ಈ ಪಾಠ ಹೇಳುವಾಗ ಗಿರಾಕಿ ಬಂದರೆ, ಅವರ ಆಧಾರ್ ಕಾರ್ಡು ಮಶೀನಿನೊಳಗೆ ಇಟ್ಟು ಕಣ್ಣು ಮಾತ್ರ ಪರದೆಯ ಮೇಲೆ ಇಟ್ಟಿರುತ್ತಿದ್ದಳು.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ದಸರೆಯಲ್ಲಿ ಬನ್ನಿ ಕೊಡುವ ದಿನ ಪ್ರತಿಯೊಬ್ಬರೂ ನೆರೆಯವರಿಗೆ ಕಾಳು ತುಂಬಿದ ಒಂದು ಹಡಗು ಕಳಿಸಬೇಕು, ಬಂದ ಹಡಗಿಗೆ ಗಡಿ ತೆಗೆಯಬೇಕು. ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಒಬ್ಬರಿಗೊಬ್ಬರು ಬರೆಯಬೇಕು. ಊರಲ್ಲಿ ವರ್ಷವಿಡೀ ಮುಖ ನೋಡದವರೂ ಆ ದಿನ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುವುದಿಲ್ಲವೇ, ಹಾಗೆ. ಅಕ್ಕ, ತಮ್ಮ ಮಾತ್ರ ಒಬ್ಬರಿಗೊಬ್ಬರು ಯಾವತ್ತೂ ಕಳಿಸಿರಲಿಲ್ಲ. ಆ ವರ್ಷ ಮೊದಲ ಸಲ ರಾಜಶೇಖರನ ಬನ್ನಿ ಹಡಗು ಆಡಕಿಯ ಗಡಿಗೆ ಬಂದು ನಿಂತಿತು. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಬಳೆಗಳ ರಬ್ಬರ್ ಬ್ಯಾಂಡ್ ತೆಗೆದು ಮೇಜಿನ ಮೇಲಿಟ್ಟಳು. "ಏನಂದ್ರೂ ನನ್ನ ಬೆನ್ನಿಗಿ ಬಿದ್ದ ತಮ್ಮ ಅದಾನ," ಎಂದು ಗಡಿ ತೆಗೆದಳು.

ಮರುದಿನ ಬೆಳಿಗ್ಗೆ ಬನ್ನಿ ಹಡಗಿನ ಹಿಂದೆಯೇ ನುಗ್ಗಿದ ಅವನ ದಂಡು ಆಡಕಿಯನ್ನು ಹಿಡಿದಿತ್ತು. ಗುಂಪಿನವರು ಛೀ ಎಂದರು. ಆಟದಲ್ಲಿ ಎಲ್ಲ ನಡೆಯುತ್ತದೆ ಎಂದು ಅವನು ಬರೆದ. ಅಕ್ಕ ಅಳಲಿಲ್ಲ. "ಒಂದ್ ತವರುಮನಿ ಎರಡು ಸಲ ಕಸಗೊಂಡ," ಎಂದಷ್ಟೇ ಹೇಳಿ ಅಂಗಡಿಯ ಶಟರ್ ಎಳೆದಳು. ನನಗಂತೂ ಅವನ ಸೇಡಂಗೆ ಹೋಗಿ ಅವನ ಕಂಪ್ಯೂಟರುಗಳನ್ನೆಲ್ಲ ಒಡೆದು ಬರಬೇಕೆನಿಸಿತ್ತು.

ಆಮೇಲೆ ನಾನು ಕಂಡದ್ದು ಸೇಡೆಂದರೆ ಏನೆಂಬುದನ್ನು. ಆಡಕಿಯನ್ನು ಬಿಡಿಸಲು ಅಕ್ಕ ಒಂದು ಹಡಗೂ ಕಳಿಸಲಿಲ್ಲ. ಚಿಂಚೋಳಿಯವನಿಗೆ ಐನಾಪುರವನ್ನೇ ಬಿಟ್ಟುಕೊಟ್ಟು ಅವನನ್ನು ಒಳಗೆ ಹಾಕಿಕೊಂಡಳು. ಶಹಾಬಾದಿನವರಿಗೆ ಕಬ್ಬಿಣ ಕಳಿಸಿದಳು. ಅಕ್ಕ ಸೋತು ಮೆತ್ತಗಾದಳು ಎಂದು ಎಲ್ಲರೂ ತಿಳಿದರು, ನಾನೂ ತಿಳಿದೆ. ಒಂದು ದಿನ ಕೇಳಿಯೇಬಿಟ್ಟೆ. ಅವಳು ಬೀದಿಯ ಆಚೆ ಯಾರ್ಡಿನಲ್ಲಿ ನಿಂತ ಗೂಡ್ಸ್ ಗಾಡಿಯ ಕಡೆ ಕೈ ತೋರಿಸಿದಳು. ಅವಳ ಗಂಡ ಸಿದ್ದಣ್ಣ ಮಾಮಾ ಗೂಡ್ಸ್ ಗಾಡಿಯ ಗಾರ್ಡು. ಮದುವೆಯಾಗಿ ಬಂದಾಗಿನಿಂದ ಅವಳು ನೋಡುತ್ತ ಬಂದದ್ದು ಮೂರು ದಿಕ್ಕಿನ ಹಳಿ ಕೂಡುವ ಈ ಊರನ್ನೇ. "ವಾಡಿದಾಗ ಏನು ಬೆಳೀತದ? ಬಿಸಲು ಬೆಳೀತದ. ಆದ್ರ ವಾಡಿ ನಿಂತ್ರ ಎಲ್ಲಾ ಕಡಿ ಗಾಡಿ ನಿಲ್ತಾವ. ಸಬರ್ ಮಾಡು, ತಡಕೋ," ಎಂದಳು.

ರಾಜಶೇಖರನ ರಾಜ್ಯದ ನಡುವೆ ಒಂದು ಬರಡು ನಕ್ಷತ್ರವಿತ್ತು. ಗ್ರಹವಿಲ್ಲ, ಕಾಳಿಲ್ಲ, ಏನೂ ಇಲ್ಲ. ಹಾಗಾಗಿ ಅವನು ಅಲ್ಲಿ ಕಾವಲು ಇಟ್ಟಿರಲಿಲ್ಲ. ಆದರೆ ಅವನ ಎಲ್ಲ ಗೆರೆಗಳೂ ಅಲ್ಲಿಯೇ ಕೂಡುತ್ತಿದ್ದವು. ದಸರೆ ಮತ್ತೆ ಹತ್ತಿರ ಬರುವ ಹೊತ್ತಿಗೆ, ಅಕ್ಕನ ಸಣ್ಣ ಸಣ್ಣ ದಂಡುಗಳು ಚಿಂಚೋಳಿಯವನ ಗಡಿ ದಾಟಿಕೊಂಡು ಬಂದು ಆ ನಕ್ಷತ್ರದಲ್ಲಿ ಕೂತವು. ಅದಕ್ಕೆ ವಾಡಿ ಎಂದು ಹೆಸರಿಟ್ಟಳು. ಅವನ ಕಬ್ಬಿಣ ಒಂದು ಕಡೆ ಉಳಿಯಿತು, ಇಂಧನ ಇನ್ನೊಂದು ಕಡೆ. ಇಂಧನವಿಲ್ಲದೆ ಆಡಕಿಯ ಹೊಲಗಳು ಒಣಗಿದವು. ಹಸಿರು ಗ್ರಹ ದಿನದಿಂದ ದಿನಕ್ಕೆ ಹಳದಿಯಾಗುತ್ತ ಬಂತು. ತನ್ನ ತವರು ಒಣಗುವುದನ್ನು ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು.

ಕಡೆಗೆ ಅವನು ಗುಂಪಿನಲ್ಲಿ ಬರೆದ: "ಅಕ್ಕಗ ಹೇಳ್ರಿ, ದಾರಿ ಬಿಡಲಿ." ಎಷ್ಟೋ ವರ್ಷಕ್ಕೆ ಅವನ ಬಾಯಲ್ಲಿ ಅಕ್ಕ ಎಂಬ ಮಾತು ಬಂದಿತ್ತು. ಮಹಾದೇವಿ ಅಕ್ಕ ಬಳೆ ಏರಿಸಿಕೊಂಡು ಉತ್ತರ ಬರೆದಳು, ಸಿಗ್ನಲ್ ಬಿದ್ದಿಲ್ಲ. ಗುಂಪಿನವರಿಗೆ ತಮಾಷೆ ಎನಿಸಿತು. ಅರ್ಥವಾಗಬೇಕಾದವನಿಗೆ ಅರ್ಥವಾಯಿತು. ಆ ದಿನ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ನಾವಿಬ್ಬರೂ ಮಿರ್ಚಿ ಭಜಿ ತರಿಸಿ ತಿಂದೆವು.

ಅದಾಗಿ ಹೆಚ್ಚು ದಿನ ಅವಳು ಉಳಿಯಲಿಲ್ಲ. ಮೂತ್ರಪಿಂಡ ಕೈಕೊಟ್ಟಿತು. ಕಲಬುರಗಿಯ ಆಸ್ಪತ್ರೆಗೆ ನಾನು ಹೋದಾಗ ಕೈ ಬಾತಿತ್ತೆಂದು ಬಳೆಗಳನ್ನೆಲ್ಲ ತೆಗೆದಿದ್ದರು. ಆಟ ಎಲ್ಲಿಗೆ ಬಂತೆಂದು ಕೇಳಿದಳು. ಎಲ್ಲ ಹಾಗೇ ಇದೆ, ವಾಡಿ ನಮ್ಮದೇ ಇದೆ ಎಂದೆ. ಬರಿಗೈಯಲ್ಲೇ ಬಳೆ ಏರಿಸಿದಂತೆ ಮಾಡಿ ಹೇಳಿದಳು, "ನನ್ನ ಜಾಗಾದಾಗ ನೀ ಕುಂದ್ರು. ಅವ ಬಂದು ಹಿಡಿ ಮಣ್ಣು ಹಾಕಿದ್ರ ದಾರಿ ಬಿಡು. ಹಾಕ್ಲಿಲ್ಲಂದ್ರ ಬಿಡಬ್ಯಾಡ." ನಾನು ಅವಳ ಕೈ ಮುಟ್ಟಿ ಆಗಲಿ ಎಂದೆ. ನಾನು ಅವಳನ್ನು ಕಂಡದ್ದು ಅದೇ ಕೊನೆಯ ಸಲ.

ಅವನು ಬಂದ. ಸುಳ್ಳು ಹೇಳಬಾರದು, ಬಂದ. ಸ್ಮಶಾನದ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಬೈಕು ನಿಲ್ಲಿಸಿಕೊಂಡು ನಿಂತ. ಸಿದ್ದಣ್ಣ ಮಾಮಾ ಕುಣಿ ಮುಚ್ಚುವವರನ್ನು ತಡೆದು, ತಾನೇ ಗೇಟಿನ ತನಕ ನಡೆದು ಹೋಗಿ ಕರೆದರು. ಊರ ಮುಂದೆ ಮಾತು ಆಡಿದ್ದೇನೆ, ಒಳಗೆ ಹೇಗೆ ಕಾಲಿಡಲಿ ಎಂದು ಅವನು ತಲೆ ತಗ್ಗಿಸಿದ. ಹೊತ್ತು ಮುಳುಗುತ್ತಿತ್ತು. ಆದರೂ ಮಂದಿಯೆಲ್ಲ ಅವನಿಗಾಗಿ ಕಾದರು. ಕತ್ತಲಾಗುವ ತನಕ ಕಾದು, ಆಮೇಲೆ ನಾವೇ ಮಣ್ಣು ಎಳೆದೆವು. ಬೈಕು ಶುರುವಾದ ಸಪ್ಪಳ ಎಲ್ಲರಿಗೂ ಕೇಳಿಸಿತು.

ಈಗ ಅಂಗಡಿಯಲ್ಲಿ ಮಧ್ಯಾಹ್ನ ಅವಳ ಕುರ್ಚಿಯಲ್ಲಿ ನಾನು ಕೂಡುತ್ತೇನೆ. ಅವಳ ರಬ್ಬರ್ ಬ್ಯಾಂಡುಗಳು ಡ್ರಾದಲ್ಲಿ ಹಾಗೇ ಇವೆ. ಈ ದಸರೆಗೆ ರಾಜಶೇಖರನ ಬನ್ನಿ ಹಡಗು ವಾಡಿಯ ಗಡಿಗೆ ಬಂದು ನಿಂತಿತು. ಹಿಂದೆ ದಂಡಿಲ್ಲ, ಸಣ್ಣ ಹಡಗುಗಳನ್ನು ಓಡಿಸಿ ನೋಡಿದ್ದೇನೆ. ಜೊತೆಗೆ ಒಂದು ಸಂದೇಶ: "ತಂಗಿ, ಅಕ್ಕನ ಹೆಸರಲ್ಲಿ ಕಳಿಸೀನಿ. ಆಡಕಿ ಪೂರಾ ಒಣಗ್ಯಾದ. ಇನ್ನರ ದಾರಿ ಬಿಡು."

ಚಹಾ ಹಿಡಿದು ಬಂದ ಸಿದ್ದಣ್ಣ ಮಾಮಾ ನನ್ನ ಹಿಂದೆ ನಿಂತು ಅದನ್ನು ಓದಿದರು. "ಬಿಡವಾ. ಹೋದವರ ಸಂಗಟ ಸಿಟ್ಟೂ ಹೋಗ್ಬೇಕು," ಎಂದರು. ಅವರು ದೊಡ್ಡವರು, ಅವರ ಮಾತನ್ನು ನಾನು ಯಾವತ್ತೂ ಮೀರಿದವಳಲ್ಲ. ಚಹಾ ಇಸಿದುಕೊಂಡು ಬದಿಗಿಟ್ಟೆ. ಡ್ರಾ ಎಳೆದು ರಬ್ಬರ್ ಬ್ಯಾಂಡು ತೆಗೆದು, ಬಳೆಗಳನ್ನು ಮೊಣಕೈ ತನಕ ಏರಿಸಿ, ಅವನಿಗೆ ಉತ್ತರ ಬರೆದೆ.

ಸಿಗ್ನಲ್ ಬಿದ್ದಿಲ್ಲ.