ಚಂದ್ರಕಾಳಿ ಮತ್ತು ಕತ್ತರಿ

ಅವ್ವ ತನ್ನ ಮದುವೆಗೆ ತಾನೇ ಕಸೂತಿ ಹಾಕಿಕೊಂಡಿದ್ದ ಕಪ್ಪು ಚಂದ್ರಕಾಳಿ ಸೀರೆಯನ್ನು ಅಕ್ಕ ಒಬ್ಬ ಕಲಾವಿದೆಗೆ ಕೊಟ್ಟಿದ್ದಾಳೆಂದು ನನಗೆ ಗೊತ್ತಾದದ್ದು ತಡವಾಗಿ. ಎರಡು ಸಾವಿರದ ದಶಕದ ಮಧ್ಯಭಾಗ. ನಾನು ಸಿಡ್ನಿಯಲ್ಲಿದ್ದೆ, ಅಕ್ಕ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ. ಬರುವ ಬೇಸಿಗೆಯಲ್ಲಿ ಅವಳ ಮಗಳ ಮದುವೆಯಿತ್ತು. ಆ ಸೀರೆ ಮಗಳಿಗೆ ಉಡಿಸಬೇಕಾದದ್ದು.

ಕಲಾವಿದೆ ಲೈಬ್ರರಿಯ ಹೊಲಿಗೆ ಗುಂಪಿನಲ್ಲಿ ಪರಿಚಯವಾದವಳು. ಅವಳ ಅಜ್ಜಿ ನಾರ್ವೆಯವಳು. ಆ ಕಡೆಯ ಕಸೂತಿಯಲ್ಲಿ ಎಳೆ ಎಣಿಸಿ, ಚೌಕದ ಸುತ್ತ ಬಿಳಿ ದಾರದಿಂದ ಬಿಗಿಯಾಗಿ ಹೊಲಿದು, ಒಳಗಿನ ಎಳೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದ ತೂತೇ ಚಿತ್ತಾರ. ಈಕೆ ಅದನ್ನೇ ಗೋಡೆಯಷ್ಟು ದೊಡ್ಡದಾಗಿ ಮಾಡುತ್ತಿದ್ದಳು, ಅದೂ ಬೇರೆಯವರ ಮನೆಯ ಹಳೆಯ ಬಟ್ಟೆಗಳ ಮೇಲೆ.

ಕಸೂತಿ ನೋಡಿಕೊಂಡು ಎರಡು ವಾರದಲ್ಲಿ ಸೀರೆ ವಾಪಸು ಕೊಡುತ್ತೇನೆಂದಿದ್ದಳಂತೆ. ತಿಂಗಳುಗಳು ಕಳೆದವು. ಫೋನ್ ಮಾಡಿದಾಗೆಲ್ಲ ಇನ್ನೊಂದು ವಾರ ಎನ್ನುತ್ತಿದ್ದಳು. ಆಮೇಲೆ ಪ್ರದರ್ಶನದ ಆಮಂತ್ರಣ ಬಂತು. ಅದರ ಮೇಲಿನ ಫೋಟೋದಲ್ಲಿ ಕಪ್ಪು ಬಟ್ಟೆ, ಅವ್ವನ ಸೀರೆಯಲ್ಲಿದ್ದಂಥವೇ ಕೆಂಪು ಆನೆಗಳು, ನಡುನಡುವೆ ಬಿಳಿ ಅಂಚಿನ ತೂತುಗಳು. ಅಕ್ಕ ಫೋನಿನಲ್ಲಿ ಅಷ್ಟನ್ನೂ ವಿವರಿಸಿದಳು. ನಾನು ಶನಿವಾರದ ವಿಮಾನ ಬುಕ್ ಮಾಡಿದೆ.

ಗ್ಯಾಲರಿಯಲ್ಲಿ ಅಕ್ಕ ಯಾರನ್ನೂ ಮಾತಾಡಿಸಲಿಲ್ಲ. ನೇರ ಹೋಗಿ ತೂಗುಹಾಕಿದ್ದ ಬಟ್ಟೆಯ ಕೆಳಗಿನ ತುದಿ ಹಿಡಿದು ಮಗುಚಿದಳು. ಮುಟ್ಟಬಾರದೆಂದು ಸಿಬ್ಬಂದಿಯೊಬ್ಬ ಬಂದ. ಅವಳು ಬಿಡಲಿಲ್ಲ. ಧಾರವಾಡ ಕಡೆಯ ಹೆಂಗಸರು ಕಸೂತಿಯನ್ನು ಹಿಂದಿನಿಂದಲೇ ನೋಡುವುದು. ಅವ್ವನ ಹೊಲಿಗೆಗೆ ಗಂಟಿರುತ್ತಿರಲಿಲ್ಲ, ಎರಡೂ ಬದಿ ಒಂದೇ. ಇಲ್ಲಿ ಆನೆಗಳ ಹಿಂದೆಲ್ಲ ಗಂಟು.

"ಆನಿ ಅವ್ವಂದು," ಎಂದಳು ಅಕ್ಕ. "ಕೈ ಅವ್ವಂದಲ್ಲ."

ಅಂದರೆ ಕಲಾವಿದೆ ಸೀರೆ ಕತ್ತರಿಸಿಲ್ಲ, ಬೇರೆ ಬಟ್ಟೆಯ ಮೇಲೆ ಆನೆ ನಕಲು ಮಾಡಿದ್ದಾಳೆ. ಹಾಗಾದರೆ ಸೀರೆ ಎಲ್ಲಿ?

ಕಲಾವಿದೆ ಒಳಗಿನ ಕೋಣೆಯಿಂದ ಅದನ್ನು ತಂದಳು, ಬಿಳಿ ಕಾಗದದಲ್ಲಿ ಸುತ್ತಿದ್ದಳು. ಅಕ್ಕ ಮೇಜಿನ ಮೇಲೆ ಬಿಚ್ಚಿ ಅಂಗುಲ ಅಂಗುಲ ನೋಡುತ್ತ ಬಂದಳು. ಸೆರಗಿನಲ್ಲಿ ಅವಳ ಬೆರಳು ನಿಂತಿತು. ಉಗುರಿನಷ್ಟು ಅಗಲದ ಚೌಕ, ಸುತ್ತ ಬಿಳಿ ದಾರ, ಒಳಗೆ ಏನೂ ಇಲ್ಲ.

ಅಲ್ಲಿ ಹುಳು ತಿಂದಿತ್ತು, ಹರಡದಿರಲೆಂದು ನನ್ನಜ್ಜಿಯ ರೀತಿಯಲ್ಲಿ ಕಟ್ಟಿದೆ, ಮೊದಲೇ ನಿಮ್ಮನ್ನು ಕೇಳಬೇಕಿತ್ತು ಎಂದಳು ಕಲಾವಿದೆ. ಅದಕ್ಕೂ ಮೊದಲಿನ ಫೋಟೋ ಇದೆಯೇ ಎಂದೆ. ತನ್ನ ಪ್ರತಿ ಕೃತಿಯ ಪಕ್ಕದಲ್ಲೂ ಅದರ ಪ್ರತಿ ಹಂತದ ಫೋಟೋ ಅಂಟಿಸಿದ್ದವಳು ಇದರದ್ದು ಇಲ್ಲವೆಂದಳು. ಮುಂದಿನ ಪ್ರದರ್ಶನ ಸಿಡ್ನಿಯಲ್ಲಿ, ಅಲ್ಲಿ ಸೀರೆಯನ್ನೂ ಪಕ್ಕದಲ್ಲಿ ತೂಗುಹಾಕಬಹುದೇ ಎಂದು ಕೇಳಿದಳು. ಅಕ್ಕ ಅದನ್ನು ಮಡಚತೊಡಗಿದ್ದಳು. ನಾನೇ ಆಗುವುದಿಲ್ಲವೆಂದೆ.

ಮನೆಗೆ ಮರಳುವಾಗ ಫ್ರೀವೇಯಲ್ಲಿ ಅಕ್ಕನನ್ನು ಮತ್ತೆ ಮತ್ತೆ ಕೇಳಿದೆ: ಕೊಡುವಾಗ ಅಲ್ಲಿ ತೂತಿತ್ತೇ?

"ಇರ್ಲಿಲ್ಲ ಅಂತ ಹ್ಯಾಂಗ ಹೇಳ್ಲಿ?" ಎಂದಳು. "ನಾ ಬಿಚ್ಚಿ ನೋಡ್ದನ ಕೊಟ್ಟೆ."

ಆ ಸಂಜೆ ಮಗಳಿಗೆ ಉಡಿಸಿ ನೋಡಿದಳು. ಹೇಗೆ ಹೊದಿಸಿದರೂ ಚೌಕ ಹೆಗಲ ಮೇಲೆ ಬಂತು. ಹುಡುಗಿ ಅದನ್ನು ಬೆರಳಲ್ಲಿ ಮುಟ್ಟಿ, ಇದೂ ಅಜ್ಜಿ ಹಾಕಿದ್ದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಕ್ಕ ಬಾಯಲ್ಲಿದ್ದ ಪಿನ್ನು ತೆಗೆದಳು. "ಅದೊಂದು ಅಲ್ಲ," ಎಂದಳು, ಸೆರಗಿನ ನೆರಿಗೆ ಇನ್ನೊಮ್ಮೆ ಹಿಡಿಯುತ್ತ.