ಹಿಂದಕ್ಕೆ ಎಳೆದ ಗಾಳ

ಚಂಡೋಲಾ ಕೆರೆಗೆ ಭಾನುವಾರ ಮೀನು ಹಿಡಿಯಲು ಬರುತ್ತಿದ್ದವರು ಹಸಿದವರಲ್ಲ. ಸ್ಕೂಟರಿನಲ್ಲಿ ಬರುತ್ತಿದ್ದರು, ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು. ಎಷ್ಟೋ ಜನ ಮೀನು ತಿನ್ನುವವರೂ ಅಲ್ಲ. ಹಿಡಿದದ್ದನ್ನು ದಡದಲ್ಲೇ ಎಸೆದು ಹೋಗುತ್ತಿದ್ದರು. ಗಾಳ ಜೊಂಡಿಗೆ ಸಿಕ್ಕಿಕೊಂಡರೆ ನೈಲಾನ್ ದಾರವನ್ನು ಹಲ್ಲಿನಿಂದ ಕಡಿದು ಎದ್ದುಬಿಡುವುದು, ಅಷ್ಟೇ. ಆ ದಾರ ಕೊಳೆಯುವುದಿಲ್ಲ. ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡು ಮಾಂಸದೊಳಗೆ ಇಳಿಯುತ್ತದೆ. ಅರವತ್ತರ ದಶಕದ ಮಾತು ಇದು, ಈಗಲೂ ನೆನೆದರೆ ಮೈ ಉರಿಯುತ್ತದೆ.

ಅಪ್ಪನಿಗೆ ರೈಲ್ವೆ ಕೆಲಸ. ಹುಬ್ಬಳ್ಳಿಯಿಂದ ವರ್ಗವಾಗಿ ಅಹಮದಾಬಾದಿನಲ್ಲಿ, ಆ ಕೆರೆಗೆ ಹತ್ತಿರದ ಮಣಿನಗರದಲ್ಲಿದ್ದೆವು. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಸೈಕಲ್ ರಿಪೇರಿ ಅಂಗಡಿ ಸೇರಿದ್ದೆ. ಗಾಯಗೊಂಡ ಹಕ್ಕಿಗಳನ್ನು ಮನೆಗೆ ತರುತ್ತಿದ್ದವಳು ಅಕ್ಕ. ಹಿತ್ತಲಿನ ಇದ್ದಿಲು ಕೋಣೆಯಲ್ಲಿ ಗೋಣಿ ಹಾಸಿ ಇಡುತ್ತಿದ್ದಳು. ಈರುಳ್ಳಿಯನ್ನೂ ಮುಟ್ಟದ ಮನೆ ಒಡತಿಗೆ ಗೊತ್ತಾಗದಂತೆ ಮರಿಮೀನು ತಂದು, ಮೂಗು ಮುಚ್ಚಿಕೊಂಡು ತಿನ್ನಿಸುತ್ತಿದ್ದಳು.

ಗಾಳದ ತುದಿಯಲ್ಲಿ ಹಿಮ್ಮುಖವಾಗಿ ಒಂದು ಮುಳ್ಳಿರುತ್ತದೆ. ಹಿಂದಕ್ಕೆ ಎಳೆದರೆ ಮಾಂಸವೇ ಕಿತ್ತು ಬರುತ್ತದೆ. ಮುಂದಕ್ಕೆ ತಳ್ಳಿ, ಹೊರಬಂದ ಮುಳ್ಳನ್ನು ಕತ್ತರಿಸಿ, ಆಮೇಲೆ ತೆಗೆಯಬೇಕು. ಅದಕ್ಕೆ ತಂತಿ ಕತ್ತರಿಸುವ ಪಕ್ಕಡ್ ಬೇಕು. ಪಕ್ಕಡ್ ನಮ್ಮ ಅಂಗಡಿಯಲ್ಲಿತ್ತು. ತರುವ ಕೆಲಸ ನನ್ನದು.

"ಇವತ್ತರ ಮರೀಬ್ಯಾಡೋ ತಮ್ಮಾ," ಎಂದಳು ಅಕ್ಕ ಒಂದು ಬೆಳಿಗ್ಗೆ. ಬೆಳ್ಳಕ್ಕಿಯೊಂದರ ರೆಕ್ಕೆಯ ಬುಡದಲ್ಲಿ ಗಾಳವಿತ್ತು. "ಮೂರು ದಿನಾ ಆತು. ನಿನ್ನ ತಲ್ಯಾಗ ಬರೇ ಗಾಲಿ ತಿರಗತಾವ."

ಅಂದೂ ಮರೆತೆ. ಮಧ್ಯಾಹ್ನ ಊಟಕ್ಕೆ ಬಂದಾಗ ನೆನಪಾಯಿತು. ಅಕ್ಕ ಮೀನು ತರಲು ಹೋಗಿದ್ದಳು. ಅಂಗಡಿಗೆ ಹತ್ತು ನಿಮಿಷದ ದಾರಿ. ಬಿಸಿಲಿಗೆ ಬೇಸರ, ಬೈಸಿಕೊಳ್ಳಲು ಮನಸ್ಸಿಲ್ಲ. ಬರಿಗೈಯಲ್ಲೇ ಗಾಳ ಹಿಡಿದು ಹಿಂದಕ್ಕೆ ಎಳೆದೆ. ಬಂತು. ಜೊತೆಗೆ ರಕ್ತವೂ ಬಂತು, ನಿಲ್ಲಲಿಲ್ಲ. ಹಕ್ಕಿ ಕೂಗಲೂ ಇಲ್ಲ. ನನ್ನ ಮಣಿಕಟ್ಟಿನ ಮೇಲೆ ಕತ್ತು ಚೆಲ್ಲಿ ಸತ್ತಿತು.

ಗೋಣಿಯಲ್ಲಿ ಸುತ್ತಿ ರೈಲು ಹಳಿಯಾಚೆ ಹೂತು ಬಂದೆ.

"ಗಾಳ ತಗದೆ ಅಕ್ಕಾ. ಹಾರಿ ಹೋತು."

"ಖರೇನ? ಪಕ್ಕಡ್ ತಂದಿದ್ದಿ?"

"ಹೂಂ."

"ನಾ ಬರೂತನಾ ಕಾಯಬಾರದಿತ್ತ? ಹಾರೂದು ನೋಡಬೇಕಂತ ಭಾಳ ಇತ್ತು." ಬೇಸರದಲ್ಲೂ ನಗುತ್ತಿದ್ದಳು. ಮೀನಿನ ಡಬ್ಬಿ ಇನ್ನೂ ಕೈಯಲ್ಲೇ ಇತ್ತು.

ಆ ಭಾನುವಾರ ಕೆರೆಗೆ ಹೋಗಿ, ದಾರ ಕಡಿಯುತ್ತಿದ್ದ ಒಬ್ಬನ ಮೇಲೆ, ಇದರಿಂದ ಹಕ್ಕಿಗಳು ಸಾಯುತ್ತವೆ ಎಂದು ಹರಿಹಾಯ್ದೆ. ಅವನು ಗುಜರಾತಿಯಲ್ಲಿ, "ಒಂದು ಗಾಳಕ್ಕೆ ಇಷ್ಟು ರಂಪ ಯಾಕೆ ಭಾಯ್? ನಿನ್ನ ಹಕ್ಕಿ ಏನಾದರೂ ಸತ್ತಿತೇ?" ಎಂದು ನಕ್ಕ.

"ಸತ್ತಿತು. ನಿಮ್ಮಂಥವರಿಂದಲೇ ಸತ್ತಿತು," ಎಂದೆ. ಸುಳ್ಳಲ್ಲ. ಗಾಳವನ್ನು ಅಲ್ಲಿ ಬಿಟ್ಟವರು ಅವರೇ, ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಆದರೆ ಅಕ್ಕನಿಗೆ ಹೇಳದ ಸಾವನ್ನು ಆ ಅಪರಿಚಿತನ ಮುಖಕ್ಕೆ ಎಸೆಯಲು ಮಾತ್ರ ನನಗೆ ಬಾಯಿ ಬಂತು.

ತಿಂಗಳೊಳಗೆ ಅಕ್ಕ ಒಂದು ನೀರುಕಾಗೆ ತಂದಳು. ಅದರ ಕಾಲಲ್ಲಿ ಗಾಳ. ಸೆರಗಿನಿಂದ ಅದರ ಕಣ್ಣು ಮುಚ್ಚಿ ತೊಡೆಯ ಮೇಲೆ ಹಿಡಿದುಕೊಂಡು ಹೇಳಿದಳು:

"ನಾ ಒಲ್ಲೆ, ನೀನ ತಗಿ. ನಿನ್ನ ಕೈಗುಣ ಛಲೋ ಐತಿ."

ಈ ಸಲ ಪಕ್ಕಡ್ ತಂದಿದ್ದೆ. ಆ ಬೆಳ್ಳಕ್ಕಿಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಅಕ್ಕ ಆಗಲೇ ಹಕ್ಕಿಗೆ ಸಮಾಧಾನ ಹೇಳುತ್ತಿದ್ದಳು: ಹೆದರಬ್ಯಾಡ, ನಮ್ಮ ತಮ್ಮ ಅದಾನ.