ಕಾಶಿಯಲ್ಲಿ ಬಿಟ್ಟ ಚಹಾ, ಪುಣೆಯ ಹಸಿರು ಪುಡಿ

ನಮ್ಮ ಅತ್ತೆ ಕಾಶಿಗೆ ಹೋಗಿ ಚಹಾ ಬಿಟ್ಟು ಬಂದರು.

ಕಾಶಿಗೆ ಹೋದವರು ತಿನ್ನುವ ಕುಡಿಯುವ ಪದಾರ್ಥಗಳಲ್ಲಿ ಒಂದನ್ನು ಅಲ್ಲೇ ಬಿಟ್ಟು ಬರಬೇಕು, ಆಮೇಲೆ ಜೀವ ಇರುವತನಕ ಅದನ್ನು ಬಾಯಿಗೆ ಹಚ್ಚಬಾರದು ಎಂಬ ಪದ್ಧತಿ ನಮ್ಮ ಧಾರವಾಡದ ಕಡೆ ಇದೆ. ಬಿಡುವುದು ತಮಗೆ ಅತಿ ಪ್ರಿಯವಾದದ್ದೇ ಆಗಿರಬೇಕು. ಆದರೆ ನಮ್ಮ ಮಂದಿ ಜಾಣರು. ನನ್ನ ತವರಿನ ಹಿರಿಯರೊಬ್ಬರು ಹಾಗಲಕಾಯಿ ಬಿಟ್ಟು ಬಂದರು. ಅದನ್ನು ಅವರು ಮೊದಲೂ ತಾಟಿನ ಅಂಚಿಗೆ ಸರಿಸುತ್ತಿದ್ದವರೇ. ಇನ್ನೊಬ್ಬರು ಹಲಸಿನ ಹಣ್ಣು ಬಿಟ್ಟರು, ಅವರಿಗೆ ಅದರ ವಾಸನೆಗೇ ತಲೆ ಸಿಡಿಯುತ್ತಿತ್ತು. ಇಂಥ ಬಳಗದಲ್ಲಿ ನಮ್ಮ ಅತ್ತೆಯೊಬ್ಬರೇ ದೇವರ ಜೊತೆ ನೇರ ವ್ಯವಹಾರ ಮಾಡಿದವರು.

ಮಾವನವರು ತೀರಿಕೊಂಡು ವರ್ಷ ತುಂಬಿದ ಮೇಲೆ ಅತ್ತೆ ತಮ್ಮ ತಂಗಿಯ ಜೊತೆ ಯಾತ್ರೆಗೆ ಹೋಗಿದ್ದರು. ಮರಳಿ ಬರುವ ದಿನ ನಾವಿದ್ದ ಪುಣೆಯ ಸ್ಟೇಶನ್ನಿಗೆ ನಾನೂ ನನ್ನ ಗಂಡನೂ ಹೋದೆವು. ರೈಲಿನಲ್ಲಿ ಸಿಗುವ ಚಹಾವನ್ನು ಅತ್ತೆ ಪಾತ್ರೆ ತೊಳೆದ ನೀರು ಎನ್ನುತ್ತಿದ್ದರು. ಅದಕ್ಕೇ ನಾನು ಶುಂಠಿ ಜಜ್ಜಿ ಹಾಕಿ, ಗಟ್ಟಿ ಹಾಲಿನ ಚಹಾ ಮಾಡಿ ಥರ್ಮಾಸಿನಲ್ಲಿ ಒಯ್ದಿದ್ದೆ. ಅವರು ಗಾಡಿಯಿಂದ ಇಳಿದರು, ಗಂಗೆಯ ತಂಬಿಗೆಯನ್ನು ಮಗನ ಕೈಗೆ ಕೊಟ್ಟರು, ನನ್ನ ಕೈಯ ಥರ್ಮಾಸ್ ನೋಡಿದರು.

"ಅದನ್ನ ನೀವು ಕುಡೀರಿ. ನಾ ಬಿಟ್ಟು ಬಂದೀನಿ."

"ಏನು ಬಿಟ್ಟು ಬಂದ್ರಿ ಅತ್ಯಾ?"

"ಚಹಾ."

ನನ್ನ ಗಂಡ ಪ್ಲಾಟ್‌ಫಾರ್ಮಿನ ಮೇಲೇ ತಲೆಯ ಮೇಲೆ ಕೈ ಇಟ್ಟುಕೊಂಡರು. ದಿನಕ್ಕೆ ಐದು ಸಲ ಚಹಾ ಕುಡಿಯುವ ಹೆಂಗಸು ಚಹಾ ಬಿಟ್ಟರೆ ಉಳಿಯುವುದೇನು ಎಂದು ನನಗೂ ಅನಿಸಿತು. ಥರ್ಮಾಸ್ ತೆರೆಯದೆಯೇ ಮನೆಗೆ ಮರಳಿತು.

ಆ ಚಹಾದ ಜೊತೆ ಹೋದದ್ದು ಏನು ಎಂದು ಹೇಳಬೇಕಾದರೆ ನಮ್ಮ ಮನೆಯ ನಾಲ್ಕು ಗಂಟೆಯ ಬಗ್ಗೆ ಹೇಳಬೇಕು. ತೊಂಬತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಪುಣೆಗೆ ಬಂದೆ. ಮರಾಠಿ ಬಾರದೆ ತರಕಾರಿಯವಳ ಮುಂದೆ ಮೂಕಳಂತೆ ಬೆರಳು ತೋರಿಸುತ್ತಿದ್ದೆ. ಮರಾಠಿ ಕಲಿತೆ, ಆಮೇಲೆ ಹಟಕ್ಕೆ ಬಿದ್ದು ಜಪಾನಿ ಭಾಷೆಯನ್ನೂ ಕಲಿತೆ. ಆಗ ಪುಣೆಯಲ್ಲಿ ಓಣಿಗೊಬ್ಬರು ಜಪಾನಿ ಕಲಿಯುತ್ತಿದ್ದರು, ನನ್ನಂಥ ಗೃಹಿಣಿಯರೇ ಹೆಚ್ಚು. ಕಲಿತು, ಕಾರ್ಖಾನೆಗಳ ಯಂತ್ರದ ಕೈಪಿಡಿಗಳನ್ನು ಮನೆಯಲ್ಲೇ ಕೂತು ಅನುವಾದ ಮಾಡತೊಡಗಿದೆ. ಬೆಳಗಿನಿಂದ ಬೋಲ್ಟು, ವಾಲ್ವು, ಬೇರಿಂಗಿನ ನಡುವೆ ತಲೆ ಕೆಟ್ಟು ಹೋಗಿರುತ್ತಿತ್ತು. ನಾಲ್ಕು ಗಂಟೆಗೆ ಅಡುಗೆಮನೆಯಿಂದ ಶುಂಠಿ ಜಜ್ಜುವ ಸದ್ದು ಕೇಳಿದರೆ ಪೆನ್ನು ಕೆಳಗಿಡುತ್ತಿದ್ದೆ. ಅತ್ತೆ ಚಹಾ ತರುತ್ತಿದ್ದರು, ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು ಊದುತ್ತಾ ಕೂಡುತ್ತಿದ್ದರು, ಇಡೀ ಸೊಸೈಟಿಯ ವಿಚಾರಣೆ ನಡೆಸುತ್ತಿದ್ದರು. ಕೆಳಗಿನ ಮನೆಯವರು ಕಪ್ಪಿನ ತಳ ಮುಚ್ಚುವಷ್ಟೇ ಚಹಾ ಕೊಡುತ್ತಾರೆ ಎನ್ನುವುದು ಅವರ ಶಾಶ್ವತ ತಕರಾರು. ನನಗೆ ಗರ್ಭಪಾತವಾದಾಗ ಅವರು ನನ್ನನ್ನು ಸಮಾಧಾನ ಮಾಡಿದ್ದು ಆ ನಾಲ್ಕು ಗಂಟೆಯಲ್ಲೇ. ಅತ್ತೆ ಸೊಸೆಯರ ಜಗಳಗಳು ಹುಟ್ಟಿದ್ದೂ ಮುಗಿದದ್ದೂ ಅಲ್ಲೇ.

ಕಾಶಿಯಿಂದ ಬಂದ ಮೇಲೆ ಅವರು ನಾಲ್ಕಕ್ಕೆ ಹೊರಗೆ ಬರುವುದನ್ನೇ ನಿಲ್ಲಿಸಿದರು. ತಮ್ಮ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ವಾಸನೆ ಅವರ ತನಕ ಹೋಗದಂತೆ ಕಿಟಕಿ ತೆರೆದು, ಗ್ಯಾಸಿನ ಕಟ್ಟೆಯ ಬಳಿ ನಿಂತೇ ಗಡಿಬಿಡಿಯಲ್ಲಿ ಚಹಾ ಮುಗಿಸುತ್ತಿದ್ದೆ. ಬಿಟ್ಟವರ ಮುಂದೆ ಕುಡಿಯುವುದು ಯಾವ ಮರ್ಯಾದೆ? ಮೊದಮೊದಲು ಅವರು ಸಂಜೆ ಗುಡಿಗೆ ಹೋಗುತ್ತಿದ್ದರು, ಬರಬರುತ್ತಾ ಅದೂ ನಿಂತಿತು. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆ "ಹೂಂ" ಎನ್ನುತ್ತಿದ್ದರು. ಮಾವನವರು ಹೋದಾಗಲೂ ಇಷ್ಟು ಸುಮ್ಮನಾಗಿರದ ಹೆಂಗಸು ಕಣ್ಣೆದುರಿಗೇ ಆರುತ್ತಾ ಹೋದರು. ನನಗೆ ಭಯವಾಯಿತು. ಭಯವಾದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಹಟ. ಇವರನ್ನು ನಾಲ್ಕು ಗಂಟೆಗೆ ಎಬ್ಬಿಸಿ ಹೊರಗೆ ಕೂಡಿಸದಿದ್ದರೆ ನಾನು ಸೊಸೆಯೇ ಅಲ್ಲ ಎಂದುಕೊಂಡೆ.

ಮೊದಲು ಕಷಾಯ ಮಾಡಿದೆ. "ನನಗೇನು ಜ್ವರ ಬಂದಾವೇನು?" ಅಂದರು. ಬದಾಮಿ ಹಾಲು ಕೊಟ್ಟೆ. "ಇದನ್ನ ಬಾಣಂತಿಗೆ ಕೊಡು." ಕಾಫಿಯನ್ನಂತೂ ಕಣ್ಣೆತ್ತಿಯೂ ನೋಡಲಿಲ್ಲ, ಅದು ಬೆಂಗಳೂರಿನವರ ಕುಡಿತ. ಒಂದೊಂದು ಸಲವೂ ನಾನು ಲೋಟ ಹಿಡಿದುಕೊಂಡು ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿದ್ದೆ.

ಆ ದಿನಗಳಲ್ಲಿ ಕಾರ್ಖಾನೆಯೊಂದಕ್ಕೆ ಬಂದಿದ್ದ ಜಪಾನಿ ಇಂಜಿನಿಯರರ ಹೆಂಡತಿಗೆ ದುಭಾಷಿಯಾಗಿ ಹೋಗುವ ಕೆಲಸ ನನಗೆ ಸಿಕ್ಕಿತು. ದವಾಖಾನೆ, ಬ್ಯಾಂಕು, ಕಿರಾಣಿ ಅಂಗಡಿ, ಎಲ್ಲ ಕಡೆ ನಾವಿಬ್ಬರೂ ಜೋಡಿ. ಒಂದು ಮಧ್ಯಾಹ್ನ ಅವರು ತಮ್ಮ ಮನೆಯಲ್ಲಿ ನನಗೆ ಒಂದು ಕಪ್ಪು ಕೊಟ್ಟರು. ಒಳಗೆ ಎಳೆಯ ಗರಿಕೆಯಂಥ ಹಸಿರು ಹಾಲು, ಮೇಲೆ ದಪ್ಪ ನೊರೆ. ಮೊದಲ ಗುಟುಕಿಗೆ ಕಹಿ, ಅದರ ಹಿಂದೆಯೇ ಹಾಲಿನ ಸಿಹಿ, ಆಮೇಲೆ ಹಸಿಕಾಳು ಬೇಯಿಸಿದಂಥ ಪರಿಮಳ. ಮಾಚಾ ಎನ್ನುವ ಪುಡಿ, ಅದಕ್ಕೆ ಹಾಲು ಸೇರಿಸಿ ಮಾಡುವ ಲಾಟೆ ಎಂದರು. ಬಣ್ಣದಲ್ಲಿ, ವಾಸನೆಯಲ್ಲಿ, ರುಚಿಯಲ್ಲಿ ಎಲ್ಲಿಯೂ ನಮ್ಮ ಚಹಾದ ಸುಳಿವಿಲ್ಲ. ಆದರೂ ಅದು ಮನಸ್ಸಿಟ್ಟು, ಕೂತು ಕುಡಿಯಬೇಕಾದ ಪೇಯ. ಕಪ್ಪು ಮುಗಿಯುವ ಮೊದಲೇ ನನ್ನ ತಲೆಯಲ್ಲಿ ಅತ್ತೆ ಬಂದು ಕೂತಿದ್ದರು.

ಅದೂ ಚಹಾ ಗಿಡದ ಎಲೆಯದೇ ಪುಡಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಕಾಶಿಯಲ್ಲಿ ಬಿಟ್ಟದ್ದು ಕುದಿಸಿದ, ಶುಂಠಿ ಹಾಕಿದ, ಕೆಂಪು ಬಣ್ಣದ ಚಹಾ. ಇದು ಆ ಪೈಕಿ ಅಲ್ಲ ಎಂದು ವಕೀಲಳ ಹಾಗೆ ಒಳಗೊಳಗೇ ವಾದ ಕಟ್ಟಿದೆ. ಗಂಡನಿಗೆ ಹೇಳಿದರೆ, "ಅವ್ವಗ ಗೊತ್ತಾದ್ರ ಮನಿಯೊಳಗ ರಂಪ ಆಗ್ತದ ನೋಡು" ಅಂದರು. ಅತ್ತೆ ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ, ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಅಷ್ಟರಲ್ಲಿ ಇಂಜಿನಿಯರರ ಕುಟುಂಬ ಸ್ವದೇಶಕ್ಕೆ ಹೊರಟುಹೋಯಿತು. ಪುಡಿಯನ್ನು ನಾನೇ ಹುಡುಕಬೇಕಾಯಿತು. ನಮ್ಮ ಮನೆಯಿದ್ದ ಕೊಂಢವಾದಿಂದ ಬಸ್ಸು ಹಿಡಿದು ಪುಣೆ ಕ್ಯಾಂಪ್ ಪೇಟೆಯ ಅಂಗಡಿಗಳನ್ನೆಲ್ಲ ಅಲೆದೆ. ಒಬ್ಬ ಮೆಹಂದಿ ಪುಡಿ ತಂದು ಮುಂದಿಟ್ಟ. ಕಡೆಗೆ ವಿದೇಶಿ ಸಾಮಾನು ಮಾರುವ ಒಂದು ಅಂಗಡಿಯಲ್ಲಿ, ಮೇಲಿನ ಹಲಗೆಯ ಮೇಲೆ, ಧೂಳು ಹಿಡಿದ ಸಣ್ಣ ಡಬ್ಬಿಯೊಂದು ಸಿಕ್ಕಿತು. ತಿರುಗಿಸಿ ಓದಿದರೆ ಅದರ ಅವಧಿ ಎಂದೋ ಮುಗಿದಿತ್ತು.

"ಪಾವಡರ್ ಕಧೀ ಖರಾಬ ಹೋತ ನಾಹೀ, ತಾಈ," ಅಂದ ಅಂಗಡಿಯವ. ಪುಡಿ ಎಂದಿಗೂ ಕೆಡುವುದಿಲ್ಲವಂತೆ! ಡಬ್ಬಿಯ ಮೇಲಿನ ಜಪಾನಿ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಮರಾಠಿಯಲ್ಲಿ ಅರ್ಥ ಹೇಳಿದೆ. ಉಳಿದ ಗಿರಾಕಿಗಳು ಕಿವಿಗೊಟ್ಟು ನಿಂತರು. ಅವನು ಕೈ ಮುಗಿದು, ಮುಂಬಯಿಯಿಂದ ಹೊಸದು ತರಿಸುತ್ತೇನೆ ಅಂದ. ತರಿಸುವ ತನಕ ನಾನೂ ಬಿಡಲಿಲ್ಲ, ಫೋನಿನ ಮೇಲೆ ಫೋನು ಮಾಡಿ ಅವನ ಜೀವ ಹಿಂಡಿದೆ.

ಡಬ್ಬಿ ಬಂದ ಉತ್ಸಾಹದಲ್ಲಿ ನಾನು ಮಾಡಿದ್ದು ಹುಬ್ಬಳ್ಳಿ ಧಾರವಾಡದ ಯಾವ ಹೆಂಗಸಾದರೂ ಮಾಡುವ ಕೆಲಸವನ್ನೇ. ಚಹಾದ ಪಾತೇಲಿಯಲ್ಲಿ ಹಾಲು ನೀರು ಇಟ್ಟು, ಸಕ್ಕರೆ ಹಾಕಿ, ಎರಡು ಚಮಚ ಪುಡಿ ಸುರಿದು, ಉಕ್ಕಿ ಬರುವಂತೆ ಮೂರು ಸಲ ಕುದಿಸಿ, ಚಹಾದ ಜಾಲರಿಯಲ್ಲಿ ಸೋಸಿದೆ. ಜಾಲರಿಯಲ್ಲಿ ಪಾಚಿಯಂಥ ರಾಡಿ ನಿಂತಿತು, ಕೆಳಗೆ ಮಣ್ಣಿನ ಬಣ್ಣದ ನೀರು ಇಳಿಯಿತು. ಬಾಯಿಗಿಟ್ಟರೆ ಮೆಂತ್ಯೆ ಸೊಪ್ಪು ಸೀದ ರುಚಿ. ಸಿಟ್ಟಿನಿಂದ ಅಷ್ಟನ್ನೂ ಮೋರಿಗೆ ಚೆಲ್ಲಿದೆ. ಆಮೇಲೆ ಡಬ್ಬಿಯ ಒಳಗಿನ ಕಾಗದವನ್ನು ಯಂತ್ರದ ಕೈಪಿಡಿ ಓದುವ ಶ್ರದ್ಧೆಯಲ್ಲಿ ಓದಿದೆ. ಪುಡಿಯನ್ನು ಜರಡಿಯಲ್ಲಿ ಸಾಣಿಸಬೇಕು, ಕುದಿಯುವ ನೀರು ಕೂಡದು, ಸ್ವಲ್ಪ ಆರಿದ ಬಿಸಿನೀರಿನಲ್ಲಿ ಬಿದಿರಿನ ಕಡ್ಡಿಗಳಿಂದ ಕಡೆದು ನೊರೆ ಎಬ್ಬಿಸಬೇಕು, ಆಮೇಲೆ ಬಿಸಿ ಹಾಲು. ಬಿದಿರಿನ ಕಡ್ಡಿ ಎಲ್ಲಿಂದ ತರಲಿ? ಮಜ್ಜಿಗೆಯ ಸಣ್ಣ ಕಡಗೋಲು ತಗೊಂಡೆ.

ಮರುದಿನ ನಾಲ್ಕಕ್ಕೆ ಕಡೆಯಲು ಕೂತೆ. ಆ ದಿನ ಬಾಗಿಲು ಹಾಕಲಿಲ್ಲ. ವಾಸನೆಗೆ ಹೆದರುವ ಕಾರಣ ಇರಲಿಲ್ಲ. ಕಡಗೋಲು ಪಾತ್ರೆಗೆ ಬಡಿಯುವ ಸದ್ದು ಮನೆಯೆಲ್ಲ ತುಂಬಿತು. ನೊರೆ ಮಾತ್ರ ಏಳಲೊಲ್ಲದು. ಹಿಂದೆ ನೆರಳು ಬಿತ್ತು.

"ಈ ಹೊತ್ತಿನಾಗ ಯಾವ ಮಜ್ಜಿಗಿ ಕಡೀಲಿಕ್ಕತ್ತೀದಿ? ಅಯ್ಯ, ಹಂಗೇನು ಕಡೀತಾರ? ಸರಿ ಅತ್ಲಾಗ."

ಅತ್ತೆ ನನ್ನ ಕೈಯಿಂದ ಕಡಗೋಲು ಕಸಿದುಕೊಂಡರು. ಪಾತ್ರೆಯನ್ನು ಓರೆ ಮಾಡಿ, ಅಂಗೈಗಳ ನಡುವೆ ಕಡಗೋಲನ್ನು ಹೊಸೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು ನೊರೆ ಅಂಚಿನ ತನಕ ಎದ್ದಿತು. ನಾನು ಬಿಸಿ ಹಾಲು ಹೊಯ್ದು, ಸಕ್ಕರೆ ಹಾಕಿ, ಎರಡು ಕಪ್ಪು ತುಂಬಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಕಪ್ಪನ್ನು ಮೂಗಿನ ಹತ್ತಿರ ಹಿಡಿದರು, ಮೂಸಿದರು, ತುಟಿಯ ತನಕ ಒಯ್ದರು.

"ವಾಸನಿ ಛಲೋ ಅದ. ಯಾವ ಗಿಡದ್ದಿದು?"

ಆ ಕ್ಷಣಕ್ಕೆ ನನ್ನ ವಕೀಲಿ ಒಂದೂ ನೆನಪಾಗಲಿಲ್ಲ. "ಚಹಾ ಗಿಡದ್ದರೀ, ಅತ್ಯಾ," ಅಂದೆ.

ಅವರು ಕಪ್ಪನ್ನು ಮೇಜಿನ ಮೇಲೆ ಇಟ್ಟರು. ಒಂದು ಹನಿಯೂ ಬಾಯಿಗೆ ಹೋಗಿರಲಿಲ್ಲ.

"ಅಂದ್ರ ನನ್ನ ನೇಮ ಮುರೀಲಿಕ್ಕೆ ಇಷ್ಟ ದಿವಸ ಗುದ್ದಾಡಿದಿ?"

ನನಗೆ ತಡೆಯಲಾಗಲಿಲ್ಲ. "ನಿಮ್ಮ ನೇಮ ತಗೊಂಡು ನಾ ಏನು ಮಾಡಲಿ? ನನಗ ನೀವು ಬೇಕಾಗಿತ್ತು. ಚಹಾ ಬಿಟ್ಟು ಬರ್ತೀನಿ ಅಂತ ಹೋದವ್ರು ನನ್ನೂ ಅಲ್ಲೇ ಬಿಟ್ಟು ಬಂದ್ರಿ. ಇಡೀ ದಿವಸ ಈ ಮನಿಯೊಳಗ ಒಬ್ಬಾಕೀನ ಇರ್ತೀನಿ. ನಿಮಗ ಗೊತ್ತದ ಏನು?" ಎಂದು ಕೂಗಿಬಿಟ್ಟೆ. ಹದಿನೈದು ವರ್ಷಗಳ ಸಂಸಾರದಲ್ಲಿ ಅವರ ಮುಂದೆ ಅಷ್ಟು ಗಟ್ಟಿ ದನಿ ತೆಗೆದದ್ದು ಅದೇ ಮೊದಲು.

ಅವರು ಸಿಟ್ಟಿಗೇಳುತ್ತಾರೆ ಎಂದುಕೊಂಡೆ. ಎದ್ದು ಕೋಣೆಗೆ ಹೋಗುತ್ತಾರೆ ಎಂದುಕೊಂಡೆ. ಅವರು ಕೂತಲ್ಲೇ ಕೂತು ಸೆರಗಿನ ಚುಂಗು ತಿರುವುತ್ತಾ ನನ್ನನ್ನೇ ನೋಡಿದರು.

"ನಾ ಬಿಟ್ಟಿದ್ದು ಚಹಾ ಒಂದ," ಅಂದರು. ದನಿ ಸಣ್ಣದಾಗಿತ್ತು. "ಕಾಶಿಯಿಂದ ಬಂದ ಮರುದಿನ ನಾಲ್ಕಕ್ಕ ನಾ ಎದ್ದು ಬಂದಿದ್ದೆ. ನಿನ್ನ ಜೋಡಿ ಸುಮ್ಮನ ಕೂಡೋಣು ಅಂತ. ನೀ ಅಡಗಿಮನಿ ಬಾಗಲಾ ಹಾಕ್ಕೊಂಡಿದ್ದಿ. ಅದರ ಮರುದಿನಾನೂ ಬಂದೆ. ಆಗೂ ಹಾಕಿತ್ತು. ಗಂಡ ಹೋದ ಮುದುಕಿ ಅಂತ ಇಕಿಗೂ ನಾ ಬ್ಯಾಡಾದೆ ಅಂತ ತಿಳಕೊಂಡು ಹೋಗಿ ಮಲಗಿದೆ."

ಮರ್ಯಾದೆಗೆಂದು ನಾನು ಹಾಕಿದ ಬಾಗಿಲಿನ ಆಚೆ ಬದಿಗೆ ಅವರು ನಿಂತಿದ್ದರು. ಕಣ್ಣೀರು ಕಪ್ಪಿನೊಳಗೇ ಬೀಳತೊಡಗಿತು. ಅತ್ತೆ ತಮ್ಮ ಮುಂದಿನ ಕಪ್ಪನ್ನೂ ನನ್ನ ಕಡೆ ಸರಿಸಿದರು.

"ಅಳೋದಿದ್ರ ಆಮ್ಯಾಲೆ ಅಳು. ಮೊದಲ ಇವೆರಡೂ ಕುಡಿ, ನೊರಿ ಇಳೀಲಿಕ್ಕತ್ತದ. ನಾ ಎಲ್ಲೂ ಹೋಗಂಗಿಲ್ಲ, ಇಲ್ಲೇ ಕೂತಿರ್ತೀನಿ."